ಪಕ್ಕೀರಮ್ಮ ತೊಟ್ಟ ಅಂಗಿ

ಕೋಗಳಿಯ ಪಕ್ಕೀರಮ್ಮನ ಮನೆಯಲ್ಲಿ ಅವಳು ಕರೆದರೆ ಓಗೊಡುವ ಜೀವ ಒಂದೇ, ಎಮ್ಮೆ ಚುಕ್ಕಿ. ಗಂಡ ಭೀಮರಾಜ ಮೊಬೈಲಿನಿಂದ ತಲೆ ಎತ್ತುವುದಿಲ್ಲ. ಅತ್ತೆ ಓಬಮ್ಮನಿಗೆ ಬೇಕಾದಾಗ ಮಾತ್ರ ಕಿವಿ ಕೇಳುತ್ತದೆ. ಚುಕ್ಕಿಯೋ, ಹೊಲದ ಬದುವಿನಲ್ಲಿ ಮೇಯುತ್ತಿದ್ದರೂ 'ಬಾರವ್ವಾ' ಅಂದರೆ ಸಾಕು, ಬಂದು ನಿಲ್ಲುತ್ತಿತ್ತು. ಮೇವು, ನೀರು, ಸಗಣಿ, ಹಾಲು ಎಲ್ಲ ಪಕ್ಕೀರಮ್ಮನದು. ಊರವರ ಬಾಯಲ್ಲಿ ಅದು ಭೀಮರಾಜನ ಎಮ್ಮೆ.

ಹೋದ ವಾರ ಅದರ ಕೆಚ್ಚಲು ಬಾತು, ಹಾಲಿನಲ್ಲಿ ರಕ್ತದ ಎಳೆ ಕಂಡಿತು. ಪಶು ಡಾಕ್ಟರ್ ಶೈಲಾ ಬಂದು ನೋಡಿದರು.

"ದಿನಾ ಇಂಜೆಕ್ಷನ್ ಹಾಕ್ಬೇಕು, ನೋವಾಗ್ತೈತಿ. ಹಾಲು ಹಿಂಡೋರು ಹಿಡೀಬ್ಯಾಡ್ರಿ. ಯಾರು ಹಿಡಿದಿದ್ರು ಅನ್ನೋದನ್ನ ಅದು ಮರಿಯಲ್ಲ."

ಭೀಮರಾಜ ಹತ್ತಿರ ಹೋದದ್ದೇ ಚುಕ್ಕಿ ಕೊಂಬು ಬೀಸಿತು.

"ಆಕಿ ಸೀರಿ ಸುತ್ಕೊಂಡು ಹೋಗಲೇ," ಎಂದಳು ಓಬಮ್ಮ. "ನೀ ಹುಟ್ಟಿದಾಗ ನಿಮ್ಮಪ್ಪ ನನ್ನ ಸೀರಿ ಉಟ್ಕೊಂಡಾ ಹಿಂಡ್ತಿದ್ದ."

ಅವನು ಹೆಂಡತಿಯ ಹಳೇ ಸೀರೆ ಸುತ್ತಿಕೊಂಡ. ಬೇಲಿಯಾಚೆ ನಿಂತವರು ನಕ್ಕರು. ಚುಕ್ಕಿ ಸೀರೆ ಮೂಸಿತು, ಕೈ ಮೂಸಿತು, ಒದೆಯಿತು. ಭೀಮರಾಜ ಸೆರಗು ಹಿಡಿದುಕೊಂಡೇ ಹೊರಗೋಡಿ ಬಂದ.

"ನೀನಾ ಹಿಡಿಯಲೇ," ಎಂದ ಹೆಂಡತಿಗೆ. "ನಿನ್ನ ಮಾತು ಕೇಳ್ತೈತಿ."

"ಡಾಕ್ಟ್ರಮ್ಮೋರು ಬ್ಯಾಡ ಅಂದ್ರಲ್ಲ..."

"ಕೆಚ್ಚಲು ಕೆಟ್ರ ಡಾಕ್ಟ್ರಮ್ಮೋರು ಹಾಲು ಕೊಡ್ತಾರೇನು?" ಓಬಮ್ಮ ಗದರಿದಳು.

ಶೈಲಾ ಸುತ್ತ ನೋಡಿದರು. ಆ ಎಮ್ಮೆಯನ್ನು ಮುಟ್ಟಿದವರು ಬೇರೆ ಯಾರೂ ಇರಲಿಲ್ಲ. ಸೂಜಿ ತುಂಬಿದರು.

'ಬಾರವ್ವಾ' ಎಂದಳು ಪಕ್ಕೀರಮ್ಮ. ಚುಕ್ಕಿ ಬಂದು ಅವಳ ಹೆಗಲಿಗೆ ಮೂತಿಯಿಟ್ಟಿತು. ಸೂಜಿ ಇಳಿದಾಗ ಅದರ ಮೈ ನಡುಗಿದ್ದು ಅವಳ ತೋಳಿಗೆ ತಿಳಿಯಿತು. ಮರುದಿನವೂ ಅದೇ ಕರೆ, ಅದೇ ಸೂಜಿ. ಔಷಧಿ ಮುಗಿಯುವ ಹೊತ್ತಿಗೆ ಬಾವು ಇಳಿಯಿತು. ಆದರೆ 'ಬಾರವ್ವಾ' ಅಂದರೆ ಚುಕ್ಕಿ ಹಗ್ಗ ಜಗ್ಗಿ ಗೋಡೆಗೆ ಅಂಟಿಕೊಳ್ಳತೊಡಗಿತು. ಹಿಂಡಲು ಕೂತರೆ ಹಾಲು ಇಳಿಸಲೊಲ್ಲದು.

ಇವತ್ತು ಬೆಳಿಗ್ಗೆ ಪಕ್ಕೀರಮ್ಮ ಒಗೆಯಲು ಹಾಕಿದ್ದ ಗಂಡನ ಅಂಗಿಯನ್ನು ಸೀರೆಯ ಮೇಲೆ ತೊಟ್ಟಳು. ಅವನ ವಾಸನೆಗಿಂತ ಈಗ ತನ್ನ ವಾಸನೆಗೇ ಚುಕ್ಕಿ ಹೆಚ್ಚು ಬೆದರುತ್ತಿತ್ತು.

"ಏನವ್ವಾ, ಗಂಡಸಾದೇನು?" ಓಬಮ್ಮ ಕಿಸಕ್ಕೆಂದಳು.

ಪಕ್ಕೀರಮ್ಮ ಹೋಗಿ ಬಕೆಟ್ಟಿಟ್ಟು ಕುಳಿತಳು. ಚುಕ್ಕಿ ಅಂಗಿ ಮೂಸಿತು, ತೋಳಿನಿಂದ ಹೊರಗಿದ್ದ ಕೈ ಮೂಸಿತು. ಒದೆಯಲಿಲ್ಲ, ಸುಮ್ಮನೆ ಹಿಂದೆ ಸರಿಯಿತು. ಒದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

"ಚಾ ಎಲ್ಲೈತಲೇ?" ಒಳಗಿನಿಂದ ಭೀಮರಾಜ ಕೂಗಿದ.

ಅವಳು ಖಾಲಿ ಬಕೆಟ್ಟಿನ ಮುಂದೆ ಕೂತೇ ಇದ್ದಳು. ಚುಕ್ಕಿಯನ್ನು ಕರೆಯಲು ಬಾಯಿ ಬರಲಿಲ್ಲ.