ಕರುಣಾಳ ಸಂಜೆಯ ಪ್ರಾರ್ಥನೆ

ಬಾಡಿಗೆಗೆ ಮನೆ ತೋರಿಸುತ್ತಿದ್ದ ಒಡತಿ ಚಿಕ್ಕತಾಯಮ್ಮ ಗೋಡೆಯ ಗೂಡಿನ ಮುಂದೆ ನಿಂತು, ನಿಮ್ಮ ದೇವರಿಗೆ ಎಣ್ಣೆ ದೀಪವೋ ತುಪ್ಪದ ದೀಪವೋ ಎಂದು ಕೇಳಿದರು. ಉಡುಪಿಯಲ್ಲಿ ನಮ್ಮ ಓಣಿಯವರೆಲ್ಲ ಒಂದೇ ಸಭೆಗೆ ಸೇರಿದ ಕ್ರೈಸ್ತರು. ಇಂಥ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ನಾವು ದೀಪ ಇಡುವುದಿಲ್ಲ, ಪ್ರಾರ್ಥನೆ ಮಾತ್ರ ಎಂದೆ. ಅವರು ತುಸು ಯೋಚಿಸಿ, ಹಾಗಾದರೆ ಅಲ್ಲಿ ಉಪ್ಪಿನ ಜಾಡಿ ಇಟ್ಟುಕೊಳ್ಳಿ ಎಂದು ಬೀಗದ ಕೈ ಕೊಟ್ಟರು.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಯಜಮಾನರಿಗೆ ರೈಲ್ವೆಯಲ್ಲಿ ಫಿಟ್ಟರ್ ಕೆಲಸ ಸಿಕ್ಕಿ, ಘಟ್ಟ ಹತ್ತಿ ಯಾದವಗಿರಿಯ ಬಂಗಲೆಗಳ ಹಿಂದಿನ ಓಣಿಗೆ ಬಂದಿದ್ದೆವು. ಆಗ ನಮ್ಮೂರು ಮದ್ರಾಸಿಗೆ ಸೇರಿತ್ತು. ಕನ್ನಡ ನಡೆಯುವ ಊರಿಂದ ಕನ್ನಡದ ಊರಿಗೇ ಬಂದರೂ ರಾಜ್ಯ ಬೇರೆ. ಹೊರಡುವ ಕೆಲವು ವಾರಗಳ ಮೊದಲು ನಮ್ಮ ಗಂಡುಮಗುವನ್ನು, ದೀಕ್ಷಾಸ್ನಾನಕ್ಕೂ ಮುಂಚೆಯೇ, ಮಣ್ಣು ಮಾಡಿದ್ದೆವು. ಅಳು ಅಲ್ಲೇ ಮುಗಿದಿತ್ತು. ಇಲ್ಲಿಗೆ ಬಂದವಳು ಅಡಿಗೆ ಮಾಡುವ, ನೀರು ಸೇದುವ ಒಬ್ಬ ಹೆಂಗಸು, ಅಷ್ಟೆ.

ಅಲ್ಲಿ ಕುಚ್ಚಲಕ್ಕಿ ಗಂಜಿ, ಬಂಗುಡೆ ಮೀನಿನ ಸಾರು. ಇಲ್ಲಿ ಮುದ್ದೆ, ಜೊತೆಗೆ ಉಪ್ಸಾರು. ಅಂದರೆ ಸೊಪ್ಪು ಕಾಳು ಬೇಯಿಸಿದ ನೀರು, ನಂಚಿಕೊಳ್ಳಲು ಅರೆದ ಖಾರ. ಚಿಕ್ಕತಾಯಮ್ಮ ಕಳಿಸಿದ್ದನ್ನು ತಿಂದೆ. ಹೇಗಿತ್ತೆಂದು ಯಜಮಾನರು ಕೇಳಿದರೆ ಹೇಳಲು ತಿಳಿಯಲಿಲ್ಲ. ಮನೆಮಾತು ತುಳು ಆಡಲು ಅವರೊಬ್ಬರೇ. ಅವರೂ ದಣಿದು ಬರುತ್ತಿದ್ದರು. ಭಾನುವಾರದ ಆರಾಧನೆಯಲ್ಲಿ ಎಲ್ಲರ ಜೊತೆ ಎದ್ದೆ, ಎಲ್ಲರ ಜೊತೆ ಕೂತೆ.

ಮಗಳು ಕರುಣಾಳಿಗೆ ನಾಲ್ಕು ವರ್ಷ. ಸಂಜೆ ಜಗಲಿಯಲ್ಲಿ ಮಡಿಲಲ್ಲಿ ಕೂರಿಸಿಕೊಂಡು, ನನ್ನಮ್ಮ ನನಗೆ ಸಭೆಯ ಕನ್ನಡದಲ್ಲಿ ಕಲಿಸಿದ ಪ್ರಾರ್ಥನೆಯನ್ನೇ ಹೇಳಿಕೊಡುತ್ತಿದ್ದೆ: "ಕರ್ತನೇ, ಹಗಲು ಕಾಪಾಡಿದೆ, ಇರುಳೂ ಕಾಪಾಡು, ನಮ್ಮವರೆಲ್ಲರನ್ನೂ ಕಾಪಾಡು." ಒಂದು ಸಂಜೆ ಅವಳು ನಡುವೆ ನಿಲ್ಲಿಸಿ, ತಮ್ಮನನ್ನು ಯಾಕೆ ಕಾಪಾಡಲಿಲ್ಲ ಎಂದು ಕೇಳಿದಳು. ದೇವರ ಹತ್ತಿರ ಇದ್ದಾನೆ ಎನ್ನಬೇಕಿತ್ತು. ಊರಿನ ಪಾದ್ರಿಗಳು ನನಗೆ ಹೇಳಿದ್ದೂ ಅದನ್ನೇ. ಅವಳನ್ನು ಕೆಳಗಿಳಿಸಿ ಒಲೆ ಹಚ್ಚಲು ಹೋದೆ. ಮರುದಿನದಿಂದ ಪ್ರಾರ್ಥನೆಗೆ ಕರೆಯಲಿಲ್ಲ. ನಂಬಿಕೆ ಹೋಗಿತ್ತು ಎನ್ನಲಾರೆ. ಇದೆಯೋ ಇಲ್ಲವೋ ಎಂದು ನೋಡಿಕೊಳ್ಳುವ ತ್ರಾಣವೂ ಇರಲಿಲ್ಲ.

ಹೀಗೆ ಬಹಳ ದಿನ ಕಳೆಯಿತು. ಒಮ್ಮೆ ಹೊತ್ತು ಮುಳುಗಿದರೂ ಕರುಣಾ ಮನೆಗೆ ಬರಲಿಲ್ಲವೆಂದು ಪಕ್ಕದಲ್ಲೇ ಇದ್ದ ಚಿಕ್ಕತಾಯಮ್ಮನವರ ಮನೆಗೆ ಹೋದೆ. ಅವರು ತಮ್ಮ ದೇವರಿಗೆ ದೀಪ ಹಚ್ಚುತ್ತಿದ್ದರು. ಪಕ್ಕದಲ್ಲಿ ಕರುಣಾ ಕಣ್ಣು ಮುಚ್ಚಿ ನಮ್ಮ ಪ್ರಾರ್ಥನೆ ಹೇಳುತ್ತಿದ್ದಳು. "ಹಗಲು ಕಾಪಾಡಿದೆ" ಎಂದು ತಡೆದಳು. ಚಿಕ್ಕತಾಯಮ್ಮ ಬತ್ತಿ ಸರಿಮಾಡುತ್ತಲೇ "ಇರುಳೂ ಕಾಪಾಡು" ಎಂದು ಎತ್ತಿಕೊಟ್ಟರು.

ನನ್ನನ್ನು ಕಂಡು ಅವರೇನೂ ಗಾಬರಿಯಾಗಲಿಲ್ಲ.

"ಕೂಸು ದಿನಾ ಬತ್ತದೆ ಕಣಮ್ಮ. ನೀವು ಯೇಳ್ಕೊಡ್ತಿದ್ದುದ್ದು ಗೋಡೆ ಈಚೆ ಕೇಳಿ ಕೇಳಿ ನಂಗೂ ಬಾಯಿಗ್ ಬಂದದೆ. ಅದು ಮರ್ತೋದ್ರೆ ನಾನು ಯೇಳ್ತೀನಿ. ತಪ್ಪಾ?"

ತಪ್ಪಲ್ಲ ಎಂದೆ.

"ತಮ್ಮನ್ ಇಚಾರನೂ ಯೇಳ್ತು. ನಾನೂ ಮಕ್ಕಳ್ನ ಮಣ್ಣಿಗೆ ಕೊಟ್ಟಿವ್ನಿ. ಆಗ ದೀಪ ಅಚ್ಚೋವಾಗ ಏನೂ ಅನ್ನಿಸ್ತಿರ್ಲಿಲ್ಲ. ಅಚ್ತಿದ್ದೆ, ಅಷ್ಟೇಯ."

ಮರುದಿನ ಜಗಲಿಯಲ್ಲಿ ಕೂತೆ. ಕರುಣಾ ತಾನೇ ಬಂದು ಮಡಿಲೇರಿದಳು. ಮಾತುಗಳು ಬಾಯಿಂದ ಹೊರಟವು. ಒಳಗೆ ಏನೂ ಅಲುಗಲಿಲ್ಲ. ತಮ್ಮನನ್ನು ಯಾಕೆ ಕಾಪಾಡಲಿಲ್ಲವೋ ನನಗೂ ಗೊತ್ತಿಲ್ಲ ಎಂದು ಹೇಳಿದೆ. ಅವಳು ಹ್ಞೂಂ ಎಂದು ಮುಂದಿನ ಸಾಲು ಹೇಳಿದಳು.

ಆ ಸಲದ ಕ್ರಿಸ್‌ಮಸ್ಸಿಗೆ ಊರಿಗೆ ಹೋದೆವು. ಮಗುವಿನ ಸಮಾಧಿಯ ಮೇಲೆ ಹುಲ್ಲು ಬೆಳೆದಿತ್ತು. ಕಿತ್ತು ಹಾಕಿ ಬಂದೆ. ಸಂಜೆ ನೆಂಟರ ಮುಂದೆ ಅಮ್ಮ ಮೊಮ್ಮಗಳಿಗೆ ಪ್ರಾರ್ಥನೆ ಹೇಳು ಎಂದರು. ಕರುಣಾ ಕೈಮುಗಿದು, "ಯೇಸಪ್ಪ, ಅಗ್ಲೆಲ್ಲ ಕಾಪಾಡ್ದೆ, ರಾತ್ರೀಗೂ ಕಾಪಾಡ್ಬುಡು. ಚಿಕ್ಕತಾಯವ್ವನ್ನೂ ಕಾಪಾಡ್ಬುಡು" ಎಂದಳು. ನೆಂಟರು ನಕ್ಕರು. ಅಮ್ಮ ನಗಲಿಲ್ಲ. ಕರ್ತನ ಹತ್ತಿರ ಹೀಗೆ ಮಾತಾಡುವುದೇ, ಮಗುವಿಗೆ ಸರಿಯಾಗಿ ಕಲಿಸಬಾರದೇ ಎಂದು ತುಳುವಿನಲ್ಲಿ ನನ್ನನ್ನು ಕೇಳಿದರು.

"ನಮ್ಮ ಕಡೆ ಹಾಗೇ ಹೇಳೋದು," ಎಂದೆ.

ಅಮ್ಮ ನನ್ನ ಮುಖ ನೋಡಿದರು. ಉತ್ತರವನ್ನು ಕನ್ನಡದಲ್ಲಿ ಕೊಟ್ಟಿದ್ದೇನೆಂದು ಆಗ ತಿಳಿಯಿತು. ಅದನ್ನೇ ತುಳುವಿನಲ್ಲಿ ಹೇಳಹೋದೆ. 'ನಮ್ಮ' ಎನ್ನಲು ತುಳುವಿನಲ್ಲಿ ಎರಡು ಮಾತು, ಕೇಳುವವರನ್ನು ಸೇರಿಸಿಕೊಳ್ಳುವುದೊಂದು, ಬಿಡುವುದೊಂದು. 'ನಮ್ಮ ಕಡೆ' ಎಂಬಲ್ಲಿಗೆ ಬಂದು ಮಾತು ನಿಂತಿತು.