ಕಪ್ಪು ಕಾರಿನ ಬಾನೆಟ್ಟು

ಕಾರಿಗೆ ಪಾಲಿಶ್ ಹಾಕುವವರೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಶಾಲೆಯಲ್ಲಿ ಪಾಠ ಹೇಳಿದವರಲ್ಲ, ಬಣ್ಣದ ಮೇಲೆ ಕೈಯಾಡಿಸುವುದನ್ನು ಕಲಿಸಿದವರು. ಗಾಡಿ ಬಂದ ಕೂಡಲೇ ತಿಕ್ಕಲು ಹೊರಡುವವರನ್ನು ಕಂಡರೆ ಅವರಿಗೆ ಮೈಯುರಿಯುತ್ತಿತ್ತು. ಮೊದಲು ತೊಳೆಯಬೇಕು. ಅಂಗೈ ಸವರಿ ಮರಳಿನ ಕಣ ಉಳಿದಿದೆಯೇ ನೋಡಬೇಕು. ಆಮೇಲೆ ಕಾಣದ ಮೂಲೆಯಲ್ಲಿ ತೀರಾ ನಯವಾದ ಪಾಲಿಶ್ ಹಚ್ಚಿ ನೋಡಬೇಕು. ಗೀರು ಅದಕ್ಕೂ ಬಗ್ಗದಿದ್ದರೆ ಮಾತ್ರ ಒರಟಾದದ್ದಕ್ಕೆ ಕೈ ಹಾಕಬೇಕು. "ತಿಕ್ಕಿ ತೆಗೆದಿದ್ದನ್ನ ವಾಪಸ್ ಅಂಟಿಸೋಕಾಗಲ್ಲ" ಎನ್ನುತ್ತಿದ್ದರು.

ವಯಸ್ಸಾದ ಮೇಲೆ ಶೆಡ್ಡನ್ನು ಅಳಿಯನಿಗೆ ಬಿಟ್ಟುಕೊಟ್ಟರು. ಅವನೂ ಅವರ ಕೈಕೆಳಗೇ ಪಳಗಿದವನು. ಶೆಡ್ಡಿನ ಹಿಂದೆಯೇ ಮನೆ. ಕೆಲಸ ಬಿಟ್ಟರೂ ಮೇಷ್ಟ್ರ ಬಾಯಿ ಬಿಡುವು ಪಡೆದಿರಲಿಲ್ಲ.

ಒಂದು ದಿನ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ತನ್ನ ಕಪ್ಪು ಕಾರು ತಂದು ಬಿಟ್ಟುಹೋದಳು. ಬಿಸಿಲಿಗೆ ನಿಲ್ಲಿಸಿದರೆ ಮೈತುಂಬ ಜೇಡರ ಬಲೆಯಂಥ ಗೀರು.

"ಮಾವ, ಇದಕ್ಕೆ ಮಷೀನೇ ಹಿಡೀಬೇಕು" ಎಂದ ಅಳಿಯ.

"ಕಪ್ಪು ಬಣ್ಣ ಕಣೋ, ಎಲ್ಲಾನೂ ಎತ್ತಿ ತೋರಿಸುತ್ತೆ. ಮೊದಲು ಕೈಯಲ್ಲಿ ನೋಡು."

"ಕೈಯಲ್ಲಿ ತಿಕ್ತಾ ಕೂತ್ರೆ ದಿನಕ್ಕೆ ಇದೊಂದೇ ಗಾಡಿ ಆಗುತ್ತೆ ಅಷ್ಟೆ."

ಮಾತಿಗೆ ಮಾತು ಬೆಳೆದು ಮೇಷ್ಟ್ರು ಮುಖ ಊದಿಸಿಕೊಂಡು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಶೆಡ್ಡಿನಿಂದ ಕರಕರ ಸದ್ದು ಕೇಳಿ ಮಗಳು ಓಡಿಬಂದಳು. ಅಪ್ಪ ಬಾನೆಟ್ಟಿನ ಮೇಲೆ ಬಾಗಿದ್ದರು. ಒಂದು ಕೈಯಲ್ಲಿ ಅವಳದೇ ಅಡುಗೆಮನೆಯ ಸ್ಟೀಲ್ ನಾರು, ಪಕ್ಕದಲ್ಲಿ ಪಾತ್ರೆ ತಿಕ್ಕುವ ಪುಡಿಯ ಡಬ್ಬ. ಬಾನೆಟ್ಟಿನ ನಡುವೆ ಬಣ್ಣ ಕಿತ್ತುಹೋಗಿ ತಗಡು ಕಾಣುತ್ತಿತ್ತು.

ಹಿಂದೆಯೇ ಬಂದ ಅಳಿಯ ನಾರನ್ನು ಕಿತ್ತುಕೊಂಡ. "ನನ್ನ ಮೇಲಿನ ಸಿಟ್ಟು ಗಾಡಿ ಮೇಲೆ ತೀರಿಸ್ಕೊಂಡ್ರಾ?"

ಮೇಷ್ಟ್ರು ನಿಧಾನವಾಗಿ ತಲೆಯೆತ್ತಿದರು. ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. "ಯಾಕೋ ಕೂಗ್ತೀಯ? ನಯವಾದದ್ದರಿಂದಲೇ ಶುರುಮಾಡಿದೀನಿ" ಎಂದು ಪುಡಿಯ ಡಬ್ಬ ತೋರಿಸಿದರು.

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

ಮಧ್ಯಾಹ್ನ ಊಟ ಮುಗಿಸಿ ಮೇಷ್ಟ್ರು ಮತ್ತೆ ಶೆಡ್ಡಿಗೆ ಬಂದರು. ಬಾನೆಟ್ಟು ಕಂಡು ನಿಂತಲ್ಲೇ ನಿಂತರು. ಬೆರಳು ತಗಡನ್ನು ಮುಟ್ಟಿ ಹಿಂದಕ್ಕೆ ಬಂತು.

"ಯಾವ ಕಟುಕ ಮಾಡಿದ್ದು ಇದನ್ನ?"

ಮಗಳು ಸೆರಗು ಬಾಯಿಗೊತ್ತಿಕೊಂಡಳು. ಅಳಿಯ ನೆಲ ನೋಡುತ್ತ, "ನಾನೇ ಮಾವ" ಎಂದ.

"ನೀನಾ? ನನ್ನ ಹತ್ರ ಕಲ್ತೋನು ನೀನಾ?" ಅವರು ಬೈದಷ್ಟೂ ಹೊತ್ತು ಅವನು ಕೈಕಟ್ಟಿ ನಿಂತಿದ್ದ.

ಸಂಜೆ ಬಂದ ಕಾರಿನವಳಿಗೆ ಮಾತ್ರ ಅವನು ಇದ್ದದ್ದನ್ನು ಇದ್ದಂತೆ ಹೇಳಿದ. ಆಕೆ ಜಗಳಕ್ಕೆ ನಿಲ್ಲಲಿಲ್ಲ. ಒಳಬಾಗಿಲಲ್ಲಿ ಕೂತಿದ್ದ ಮುದುಕರನ್ನು ಸ್ವಲ್ಪ ಹೊತ್ತು ನೋಡಿ, "ನಮ್ಮಮ್ಮಂಗೂ ಹೀಗೇ ಶುರುವಾಗಿದ್ದು. ನಾವು ಮರೆಗುಳಿತನ ಅಂತ ನಗ್ತಾ ಕೂತ್ವಿ. ನೀವು ತಡ ಮಾಡ್ಬೇಡಿ" ಎಂದಳು.

ಇದು ಬರೀ ಮರೆವಲ್ಲ, ಕಾಯಿಲೆ ಎಂದು ಡಾಕ್ಟರೂ ಹೇಳಿದರು. ಮದ್ದಿದೆ, ಆದರೆ ಹೋದದ್ದನ್ನು ತಂದುಕೊಡುವ ಮದ್ದಲ್ಲ. ಬಾನೆಟ್ಟಿಗೆ ಹೊಸ ಬಣ್ಣ ಹೊಡೆಸಿದ್ದಾಯಿತು.

ಈಗ ಮೇಷ್ಟ್ರಿಗೆ ಮಗಳ ಹೆಸರು ಕೆಲವೊಮ್ಮೆ ನೆನಪಾಗುವುದಿಲ್ಲ. ಉಂಡದ್ದೂ ನೆನಪಿರುವುದಿಲ್ಲ. ಅಳಿಯನ ಮುಖ ಕಂಡರೆ ಮಾತ್ರ ಹುಬ್ಬು ಗಂಟಿಕ್ಕಿ, "ಆ ಕರೀ ಕಾರು ಹಾಳು ಮಾಡಿದೋನು ನೀನೇ ಅಲ್ವಾ?" ಎಂದು ಕೇಳುತ್ತಾರೆ.

"ಹೌದು ಮಾವ" ಎನ್ನುತ್ತಾನೆ ಅವನು, ಅವರ ಪಕ್ಕದಲ್ಲೇ ಕೂರುತ್ತಾನೆ.