ಭೂತಬಂಗಲೆಯ ತಣ್ಣನೆ ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಟದ ಪಾರ್ಕಿನ ಐಸ್‌ಕ್ರೀಂ ಅಂಗಡಿಯ ಹಿಂದೆ ವಯಸ್ಸಾದ ಹೆಂಗಸೊಬ್ಬರು ಕುಕ್ಕರಗಾಲಲ್ಲಿ ಕೂತು, ಗೋಣಿಚೀಲದಲ್ಲಿ ಸುತ್ತಿದ ಐಸಿನ ಗಡ್ಡೆಯನ್ನು ಸುತ್ತಿಗೆಯಿಂದ ಕುಟ್ಟುತ್ತಿದ್ದಾರೆ. ಚೂರುಗಳನ್ನು ಬಕೆಟ್ಟಿಗೆ ಸುರಿದು, ಸೊಂಟ ಹಿಡಿದುಕೊಂಡು ಏಳುತ್ತಾರೆ. ಇಷ್ಟು ಬೆಳಗ್ಗೆ ಐಸು ಯಾಕೆ ಎಂದು ಕೇಳಿದರೆ, "ಕೈ ಬೇಯಿಸೋಕೆ" ಎಂದು ನನ್ನನ್ನು ದಾಟಿಕೊಂಡು ಹೋಗುತ್ತಾರೆ. ಮುಖದಲ್ಲಿ ನಗುವಿನ ಸುಳಿವೇ ಇಲ್ಲ.

ಪಾರ್ಕಿನಲ್ಲಿ ಎಲ್ಲರ ಬಾಯಲ್ಲೂ ಇವರು ದೆವ್ವಕ್ಕ. ಭೂತಬಂಗಲೆ ಎಂಬ ಹಳೆಯ ಆಟದೊಳಗೆ, ಕೊನೆಯ ತಿರುವಿನಲ್ಲಿ, ಕಪ್ಪು ಪರದೆಯ ಹಿಂದೆ ಒಂದು ಪ್ಲಾಸ್ಟಿಕ್ ಸ್ಟೂಲಿದೆ. ಅದೇ ಇವರ ಆಫೀಸು. ನಾಲ್ಕು ಜನ ಕೂರುವ ಪುಟ್ಟ ಗಾಡಿಗಳು ಹಳಿಯ ಮೇಲೆ ಗಡಗಡ ಎನ್ನುತ್ತ ಕತ್ತಲೆಯಲ್ಲಿ ಬರುತ್ತವೆ. ಅಸ್ಥಿಪಂಜರ ಕುಣಿದಾಯಿತು, ಶವಪೆಟ್ಟಿಗೆ ತೆರೆದಾಯಿತು, ಇನ್ನೇನು ಬಾಗಿಲು ಬಂತು, ಬದುಕಿಕೊಂಡೆವು ಎಂದು ಜನ ಉಸಿರು ಬಿಡುವ ಹೊತ್ತಿಗೆ ಕುತ್ತಿಗೆಯ ಮೇಲೆ ಹೆಣದಂಥ ತಣ್ಣನೆಯ ಕೈಯೊಂದು ಬಂದು ಕೂರುತ್ತದೆ. ಜೊತೆಗೊಂದು ಉದ್ದನೆಯ ಕೂಗು. ಆ ಕೈಯೂ ಕೂಗೂ ದೆವ್ವಕ್ಕನವು. ಮೊದಲ ದಿನ ನನ್ನ ಕುತ್ತಿಗೆಗೂ ಅದು ಬಿತ್ತು. ನಾನು ಕಿರುಚಿದ್ದು ಹೊರಗೆ ಗಾಡಿ ಬಿಡುವಾತನಿಗೂ ಕೇಳಿಸಿತಂತೆ. "ಪೇಪರ್‌ನೋರು ಅಂದ್ರೆ ಗಟ್ಟಿ ಇರ್ತಾರೆ ಅಂದ್ಕೊಂಡಿದ್ದೆ" ಎಂದು ಆತ ಹಲ್ಲು ಕಿರಿದ. ಮನುಷ್ಯನಿಗೆ ಕರುಣೆ ಅನ್ನುವುದು ಬೇಡವೇ!

ಬಾಗಿಲು ತೆರೆಯುವ ಮುಂಚೆ ಇವರಿಗೆ ಕೈತುಂಬ ಕೆಲಸ. ಹತ್ತಿ ಎಳೆದು ಜೇಡರ ಬಲೆ ಕಟ್ಟಬೇಕು. ಅಸ್ಥಿಪಂಜರದ ಸಡಿಲ ದವಡೆಗೆ ತಂತಿ ಬಿಗಿಯಬೇಕು. ಶವಪೆಟ್ಟಿಗೆಯ ಕೀಲಿಗೆ ಎಣ್ಣೆ ಬಿಡಬೇಕು. ಕೀಲು ಕಿರ್ ಅನ್ನಬೇಕಲ್ಲ, ಎಣ್ಣೆ ಯಾಕೆ ಎಂದು ಕೇಳುತ್ತೇನೆ. "ಬಿಡದೇ ಇದ್ರೆ ತೆರೆಯೋದೇ ಇಲ್ಲ. ಜಾಸ್ತಿ ಬಿಟ್ರೆ ಸದ್ದೇ ಇಲ್ಲ. ಸ್ವಲ್ಪ ಬಿಟ್ರೆ ಚೆನ್ನಾಗಿ ನರಳತ್ತೆ, ನನ್ನ ಮಂಡಿ ಥರ" ಎನ್ನುತ್ತಾರೆ.

ಎಡಗೈ ದಿನವಿಡೀ ಐಸಿನ ಬಕೆಟ್ಟಿನಲ್ಲಿ, ಬಲಗೈ ಕಂಕುಳಲ್ಲಿ. ಈ ಎರಡು ಕೈಗಳ ಲೆಕ್ಕಾಚಾರ ಇವರೇ ಮಾಡಿಕೊಂಡದ್ದು, ಯಾರೂ ಹೇಳಿಕೊಟ್ಟದ್ದಲ್ಲ. "ಎಡಗೈ ಹೆದರಿಸೋಕೆ. ಚಿಕ್ಕ ಮಕ್ಕಳು ನಿಜವಾಗ್ಲೂ ಅಳ್ತಾ ಬಂದ್ರೆ ಬಲಗೈಯಿಂದ ಬೆನ್ನು ತಟ್ಟಿ ಕಳಿಸ್ತೀನಿ. ಎಷ್ಟೋ ಮಕ್ಕಳು ಅದನ್ನೂ ದೆವ್ವ ಅಂದ್ಕೊಂಡು ಇನ್ನೂ ಜೋರಾಗಿ ಅಳ್ತವೆ, ಏನ್ ಮಾಡೋದು!" ರಜಾ ದಿನವಾದರೆ ಮುಟ್ಟಿದ ಕುತ್ತಿಗೆಗಳು ಸಾವಿರ ದಾಟುತ್ತವೆ. ಇಷ್ಟು ವರ್ಷ ಐಸಿನಲ್ಲಿ ನೆನೆದ ಎಡಗೈಯ ಬೆರಳುಗಳು ಈಗ ಜೋಮು ಹಿಡಿದಂತಾಗಿವೆ. ಬಿಸಿ ಲೋಟ ಮುಟ್ಟಿದರೂ ಗೊತ್ತಾಗುವುದಿಲ್ಲ. ನರ ಸತ್ತಿದೆ, ಈ ಕೆಲಸ ಬಿಡಿ ಎಂದು ಡಾಕ್ಟರು ಎಂದೋ ಹೇಳಿದ್ದಾರೆ. ಇವರು ಡಾಕ್ಟರನ್ನೇ ಬಿಟ್ಟಿದ್ದಾರೆ.

ಇವರನ್ನು ಈ ಕತ್ತಲೆಗೆ ಕರೆತಂದದ್ದು ಗಂಡ. ಅವರು ಇಲ್ಲಿನ ಮೆಕ್ಯಾನಿಕ್ಕು, ಗಾಡಿಗಳ ಮೋಟಾರು ನೋಡಿಕೊಳ್ಳುತ್ತಿದ್ದರು. ಕೆಲವು ವರ್ಷಗಳ ಹಿಂದೆ ತೀರಿಕೊಂಡರು. ಇರುವವಳು ಒಬ್ಬಳೇ ಮಗಳು, ಮದುವೆಯಾಗಿ ಊರಿನ ಆ ಕೊನೆಗೆ ಹೋದಳು ಎಂದಷ್ಟೇ ಹೇಳಿ ದೆವ್ವಕ್ಕ ಮಾತು ನಿಲ್ಲಿಸುತ್ತಾರೆ.

ಈಗ ಭೂತಬಂಗಲೆಯನ್ನು ಕೆಡವುವ ಸರದಿ ಬಂದಿದೆ. ತೂಗುವ ದೋಣಿ ಹೋಗಿ ಯಾವುದೋ ಸಿನಿಮಾದ ಕಡಲುಗಳ್ಳರ ಹಡಗು ಬಂತು. ತಿರುಗುವ ಕುದುರೆಗಳು ಹೋಗಿ ಇನ್ನೊಂದು ಸಿನಿಮಾದ ರೋಬೋಟುಗಳು ಬಂದವು. ಬಂಗಲೆಯ ಜಾಗಕ್ಕೆ ಚಿನ್ನದ ಮುಖವಾಡದ ವೀರ ಬರುತ್ತಾನೆ. ಮೂರು ಭಾಗ ಬಂದು ಮೂರೂ ಗೆದ್ದ ಸಿನಿಮಾದವನು ಅವನು. ಸುತ್ತ ಪರದೆ, ಅಲುಗಾಡುವ ಕುರ್ಚಿ, ಮುಖಕ್ಕೆ ಗಾಳಿ, ಎಲ್ಲ ಕಂಪ್ಯೂಟರಿನದೇ ಕಾರುಬಾರು. ಮ್ಯಾನೇಜರು ನನ್ನ ಕೈಗೊಂದು ಬಣ್ಣದ ಕಾಗದ ತುರುಕಿ, "ಈಗಿನ ಮಕ್ಕಳು ಹತ್ತಿ ಬಲೆಗೆಲ್ಲ ಹೆದರ್ತಾರಾ ಸಾರ್? ಅವರಿಗೆ ಸಿನಿಮಾದಲ್ಲಿ ನೋಡಿದ್ದೇ ಬೇಕು" ಎನ್ನುತ್ತಾರೆ. ಅವರ ಮಾತು ಸುಳ್ಳೇನಲ್ಲ. ನನ್ನ ಅಕ್ಕನ ಮಕ್ಕಳೂ ಆ ಮುಖವಾಡ ತೊಟ್ಟೇ ಊಟಕ್ಕೆ ಕೂರುತ್ತಾರೆ.

ವಯಸ್ಸಾಯಿತು, ಕೈ ಹೋಗಿದೆ, ಇನ್ನು ಮನೆಯಲ್ಲಿ ಹಾಯಾಗಿ ಇರಬಹುದಲ್ಲ ಎಂದು ಬಾಯಿ ತಪ್ಪಿ ಅಂದುಬಿಡುತ್ತೇನೆ. ದೆವ್ವಕ್ಕ ಸ್ಟೂಲಿನ ಮೇಲೆ ಕೂತು ಬಕೆಟ್ಟಿಗೆ ಕೈ ಇಳಿಸುತ್ತಾರೆ. "ಆಟ ಹಾಳಾಗಿ ಹೋಗಲಿ ಪೇಪರಣ್ಣ. ಈ ಕತ್ತಲೆ ಹೋದ್ರೆ ನನ್ನ ಮಗಳು ಹೋಗ್ತಾಳೆ" ಎನ್ನುತ್ತಾರೆ. ಆಮೇಲೆ ಪೂರ್ತಿ ಹೇಳುತ್ತಾರೆ.

ಗಂಡ ಹಾಸಿಗೆ ಹಿಡಿದಾಗ ಮಗಳಿಗೆ ಹೇಳಿ ಕಳಿಸಿದರು. ಅವಳು ಬರಲಿಲ್ಲ. ಅವಳಪ್ಪ ಬಾಗಿಲ ಕಡೆ ನೋಡುತ್ತಲೇ ಕಣ್ಣು ಮುಚ್ಚಿದರು. ಎಲ್ಲ ಮುಗಿದ ಎಷ್ಟೋ ದಿನಕ್ಕೆ ಮಗಳು ಬಂದು ಹೊಸ್ತಿಲಲ್ಲಿ ನಿಂತಳು. "ಯಾಕೆ ಬರಲಿಲ್ಲ ಅಂತ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಇನ್ಮೇಲೆ ನಿನ್ನ ಮುಖ ನನಗೆ ತೋರಿಸಬೇಡ ಅಂದುಬಿಟ್ಟೆ. ಅಂದೋಳು ಗೋಡೆ ಕಡೆ ತಿರುಗಿ ಕೂತೆ. ಅವಳು ಎಷ್ಟು ಹೊತ್ತು ನಿಂತಿದ್ದಳೋ, ಯಾವಾಗ ಹೋದಳೋ, ದೇವರಿಗೇ ಗೊತ್ತು."

ಅಪ್ಪ ಹಾಸಿಗೆ ಹಿಡಿದಾಗ ಮಗಳು ಬಸುರಿ, ದಿನ ತುಂಬಲು ಇನ್ನೂ ಎರಡು ತಿಂಗಳಿತ್ತು. ಅಪ್ಪನಿಗೆ ಜೋರಾದ ವಾರವೇ ಅವಳಿಗೆ ಹೆರಿಗೆಯಾಗಿತ್ತು. ಮಗು ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು, ತಾಯಿಗೆ ಏಳುವ ಹಾಗಿರಲಿಲ್ಲ. ಈ ಸಂಗತಿ ಮಗಳ ಪಕ್ಕದ ಮನೆಯಾಕೆಯ ಬಾಯಿಂದ ದೆವ್ವಕ್ಕನ ಕಿವಿಗೆ ಬೀಳುವ ಹೊತ್ತಿಗೆ ತಿಂಗಳುಗಳೇ ಕಳೆದಿದ್ದವು. "ಅವಳ ಹೊಟ್ಟೆ ಇಳಿದಿದ್ದನ್ನೂ ನಾನು ನೋಡಲಿಲ್ಲವಲ್ಲ! ನೋಡಿದ್ದಿದ್ರೆ ತಿಳೀತಿತ್ತು. ಹೆತ್ತೋಳು ಗೋಡೆ ನೋಡ್ತಾ ಕೂತಿದ್ದೆ." ಅಂದೇ ಎದ್ದು ಬಿದ್ದು ಓಡಿದರೆ ಮಗಳು ಮನೆ ಖಾಲಿ ಮಾಡಿದ್ದಳು. ಎಲ್ಲಿಗೆ ಹೋದರೆಂದು ಯಾರಿಗೂ ಗೊತ್ತಿಲ್ಲ. ಫೋನ್ ಮಾಡಿದರೆ ಎತ್ತುವುದಿಲ್ಲ.

ಹೀಗಿರುವಾಗ ಒಂದು ದಿನ ಕತ್ತಲೆಯಲ್ಲಿ ಎಂದಿನಂತೆ ಒಂದು ಕುತ್ತಿಗೆಯ ಮೇಲೆ ಕೈ ಇಟ್ಟರು. ಕಿರುಚಾಟವಿಲ್ಲ. ಎರಡು ಅಂಗೈಗಳು ಬಂದು ಆ ತಣ್ಣನೆಯ ಕೈಯನ್ನು ನಡುವೆ ಹಿಡಿದು ಉಜ್ಜತೊಡಗಿದವು. "ಚಿಕ್ಕೋಳಿದ್ದಾಗ ನಾನು ಕೆಲಸದಿಂದ ಮನೆಗೆ ಹೋದ ತಕ್ಷಣ ಹೀಗೇ ಉಜ್ಜೋಳು. ಬಿಸಿ ಬರೋ ತನಕ ಬಿಡ್ತಿರಲಿಲ್ಲ. ಇಷ್ಟು ವರ್ಷದಲ್ಲಿ ಎಲ್ಲರೂ ಈ ಕೈ ಕೊಡವಿದೋರೇ. ಉಜ್ಜಿದ್ದು ಅವಳೊಬ್ಬಳೇ." ಗಾಡಿ ನಿಲ್ಲುವುದಿಲ್ಲ. ಕೈ ಜಾರಿತು, ಬಾಗಿಲು ತೆರೆಯಿತು, ಅವಳು ಹೋದಳು.

ಅಂದಿನಿಂದ ಮಗಳು ಆಗೀಗ ಟಿಕೆಟ್ಟು ಕೊಂಡು ಬರುತ್ತಾಳೆ, ಕೊನೆಯ ಸೀಟಿನಲ್ಲೇ ಕೂರುತ್ತಾಳೆ. ಮುಖ ತೋರಿಸಬೇಡ ಎಂದು ಅಮ್ಮ ಹೇಳಿದ್ದಾಳೆ. ಮಗಳು ಆ ಮಾತನ್ನು ಅಕ್ಷರಕ್ಕೆ ಅಕ್ಷರ ನಡೆಸುತ್ತಾಳೆ. ಮುಖ ಕಾಣದ ಜಾಗಕ್ಕೆ ಬಂದು ಕೈ ಉಜ್ಜಿ ಹೋಗುತ್ತಾಳೆ. ಇಂಥ ಹಟ ನಾನು ಎಲ್ಲೂ ಕಂಡಿಲ್ಲ. ಒಂದು ಮಾತಾಡಬಾರದೇ ಎಂದರೆ ದೆವ್ವಕ್ಕ ತಲೆ ಅಲ್ಲಾಡಿಸುತ್ತಾರೆ. "ನನ್ನ ಬಾಯಿ ಒಂದು ಸಲ ಹಾಳು ಮಾಡಿದ್ದು ಸಾಕಾಗಲಿಲ್ವಾ? ಮಾತಾಡಿದ್ಮೇಲೆ ಅವಳು ಬರೋದನ್ನೇ ಬಿಟ್ರೆ?"

ಕೊನೆಯ ದಿನಕ್ಕೆ ಮ್ಯಾನೇಜರು ಒಂದು ಉಪಾಯ ಹೂಡಿದ್ದಾರೆ. ಬಂಗಲೆಯೊಳಗೆ ದೀಪ ಹಾಕಿ, ಇಷ್ಟು ವರ್ಷ ಹೆದರಿಸಿದ್ದು ಏನು ಎಂದು ಜನಕ್ಕೆ ತೋರಿಸುವುದು. ತಿರುವೊಂದನ್ನಾದರೂ ಕತ್ತಲೆಯಾಗಿಡಿ ಎಂದು ದೆವ್ವಕ್ಕ ಕೈಮುಗಿಯುತ್ತಾರೆ. ಅವರು ಯಾರಿಗೂ ಕೈಮುಗಿದದ್ದನ್ನು ಗಾಡಿ ಬಿಡುವಾತ ಅಲ್ಲಿಯವರೆಗೆ ಕಂಡಿಲ್ಲವಂತೆ. "ಜನ ಬರೋದೇ ನಿಮ್ಮನ್ನು ನೋಡೋಕಮ್ಮಾ" ಎಂದು ಮ್ಯಾನೇಜರು ನಗುತ್ತಾರೆ. ಅವರಿಗೆ ಒಳಗಿನ ಕಥೆ ಗೊತ್ತಿಲ್ಲ. ಹೇಳಲು ದೆವ್ವಕ್ಕನಿಗೆ ಬಾಯಿ ಬರುವುದಿಲ್ಲ, ನೀವೂ ಹೇಳಬೇಡಿ ಎಂದು ನನ್ನಿಂದ ಆಣೆ ಹಾಕಿಸುತ್ತಾರೆ.

ಆ ದಿನ ನಾನೂ ಪರದೆಯ ಪಕ್ಕದಲ್ಲಿ ನಿಲ್ಲುತ್ತೇನೆ. ಬಿಳಿ ದೀಪದಲ್ಲಿ ಬಂಗಲೆ ಎಷ್ಟು ಬಡವಾಗಿ ಕಾಣುತ್ತದೆ! ಬಣ್ಣ ಕಳೆದ ರಟ್ಟು, ತೇಪೆ ಹಾಕಿದ ಗೋಡೆ, ಅದರ ಮುಂದೆ ಕಪ್ಪು ನಿಲುವಂಗಿ ತೊಟ್ಟು ಬಕೆಟ್ಟಿನಲ್ಲಿ ಕೈ ಇಟ್ಟುಕೊಂಡು ಕೂತ ಮುದುಕಿ. "ಅಯ್ಯೋ, ಈ ಅಜ್ಜಿಗಾ ನಾನು ಹೆದರಿದ್ದು!" ಎಂದು ಜನ ಫೋನು ಎತ್ತಿ ಫೋಟೋ ಹೊಡೆಯುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ದೆವ್ವಕ್ಕನಿಗೆ ಅದರ ಗೊಡವೆಯೇ ಇಲ್ಲ, ಪ್ರತಿ ಗಾಡಿಯ ಕೊನೆಯ ಸೀಟಿನ ಮೇಲೇ ಅವರ ಕಣ್ಣು. "ಇವತ್ತು ಮಾತಾಡೇಬಿಡ್ತೀನಿ ಪೇಪರಣ್ಣ. ತಪ್ಪು ನಂದೇ ಕಣೇ, ಮನೆಗೆ ಬಾ. ಇಷ್ಟೇ. ಬೆಳಗ್ಗೆ ಅಸ್ಥಿಪಂಜರದ ಮುಂದೆ ಹೇಳಿ ಹೇಳಿ ಅಭ್ಯಾಸ ಮಾಡಿದ್ದೀನಿ" ಎನ್ನುತ್ತಾರೆ. ಮಧ್ಯಾಹ್ನ ದಾಟುತ್ತದೆ. "ಬರಲ್ಲ ಬಿಡಿ. ದೀಪ ನೋಡಿ ಬಾಗಿಲಿಂದಲೇ ಹಿಂದಕ್ಕೆ ಹೋಗಿರ್ತಾಳೆ."

ಸಂಜೆ ಒಂದು ಗಾಡಿ ಬರುತ್ತದೆ. ಕೊನೆಯ ಸೀಟಿನಲ್ಲಿ ಒಬ್ಬಳು ಶಾಲನ್ನು ತಲೆಯಿಂದ ಗಲ್ಲದವರೆಗೆ ಪೂರ್ತಿ ಎಳೆದುಕೊಂಡು ಕೂತಿದ್ದಾಳೆ. ಮೂಗಿನ ತುದಿಯೂ ಕಾಣುವುದಿಲ್ಲ. ತೊಡೆಯ ಮೇಲೆ ಒಂದು ಹೆಣ್ಣುಮಗು. ಮುಂದಿನ ಸೀಟಿನವರು ಇವಳೂ ಆಟದ ವೇಷದವಳೇ ಎಂದುಕೊಂಡು ತಿರುಗಿ ತಿರುಗಿ ನಗುತ್ತಾರೆ. ದೆವ್ವಕ್ಕ ಎದ್ದು ನಿಲ್ಲುತ್ತಾರೆ. ಗಾಡಿ ಎದುರಿಗೆ ಬರುತ್ತದೆ. ಬಾಯಿ ತೆರೆಯುತ್ತಾರೆ.

ಬಾಯಿಂದ ಬರುವುದು ದೆವ್ವದ ಕೂಗು. ಗಾಡಿ ತಿರುವಿಗೆ ಬಂದಾಗಲೆಲ್ಲ ಆ ಗಂಟಲು ಬೇರೇನನ್ನೂ ಹೇಳಿದ್ದಿಲ್ಲ. ಈಗಲೂ ಅದನ್ನೇ ಹೇಳುತ್ತದೆ, ಉದ್ದಕ್ಕೆ, ಉಸಿರು ಮುಗಿಯುವ ತನಕ. ಗಾಡಿಯವರೆಲ್ಲ ಹೋ ಎಂದು ನಗುತ್ತಾರೆ. ಶಾಲಿನೊಳಗಿಂದ ಎರಡು ಕೈ ಹೊರಬಂದು ಐಸಿನ ಕೈಯನ್ನು ಹಿಡಿದು ಎರಡು ಸಲ ಉಜ್ಜಿ ಬಿಡುತ್ತವೆ. ಮಗು ಮಾತ್ರ ದೆವ್ವಕ್ಕನನ್ನೇ ದಿಟ್ಟಿಸಿ, "ಅಮ್ಮಾ, ಈ ದೆವ್ವಕ್ಕೆ ನಿನ್ನ ಮೂಗೇ ಇದೆ!" ಎನ್ನುತ್ತದೆ. ಗಾಡಿ ಬಾಗಿಲು ತಳ್ಳಿಕೊಂಡು ಹೊರಗೆ ಹೋಗುತ್ತದೆ.

ದೆವ್ವಕ್ಕ ಓಡಲು ಹೋಗಿ ಬಕೆಟ್ಟು ಎಡವಿ ಐಸಿನ ಮೇಲೆ ಬೀಳುತ್ತಾರೆ. ಅವರನ್ನು ಎಬ್ಬಿಸಿ ಕೂರಿಸಿ ನಾನು ಓಡುತ್ತೇನೆ. ಹೊರಗೆ ಚಿನ್ನದ ಮುಖವಾಡದವನ ಆಳೆತ್ತರದ ಚಿತ್ರದ ಮುಂದೆ ಫೋಟೋಕ್ಕೆ ಜನ ಮುಗಿಬಿದ್ದಿದ್ದಾರೆ. ಶಾಲಿನ ಬಣ್ಣ ಬಿಟ್ಟರೆ ನನಗೆ ಇನ್ನೇನು ಗುರುತು? ಆ ಬಣ್ಣ ಎಲ್ಲೂ ಇಲ್ಲ. ವಾಪಸು ಬಂದು ತಲೆ ತಗ್ಗಿಸಿ ನಿಂತರೆ, ಸಿಕ್ಕಳಾ ಎಂದು ದೆವ್ವಕ್ಕ ಕೇಳುವುದೇ ಇಲ್ಲ. "ಅವಳ ಕೈ ನೋಡಿದ್ರಾ? ಚರ್ಮವೆಲ್ಲ ಬಿರುಕು ಬಿಟ್ಟಿದೆ. ಯಾರ ಮನೆ ಪಾತ್ರೆ ತಿಕ್ಕುತ್ತಿದ್ದಾಳೋ" ಎಂದು ಬಿಕ್ಕುತ್ತಾರೆ. ನಾನು ಪಕ್ಕದಲ್ಲಿ ಕೂರುತ್ತೇನೆ.

ಈಗ ಬಂಗಲೆಯ ಜಾಗಕ್ಕೆ ತಗಡಿನ ಬೇಲಿ ಬಿದ್ದಿದೆ. ಒಳಗೆ ಯಂತ್ರ ನೆಲ ಅಗೆಯುತ್ತದೆ. ದೆವ್ವಕ್ಕನ ಹೊಸ ಕೆಲಸ ಬೇಲಿಯ ಮುಂದೆ ಗುಡಿಸುವುದು. ಮುಂದೆ ಆಟ ತೆರೆದ ಮೇಲೆ ಬಾಗಿಲ ಬಳಿಯೇ ಗುಡಿಸಲು ಬಿಡಬೇಕು ಎಂದು ಮ್ಯಾನೇಜರನ್ನು ಕಾಡಿ ಬೇಡಿ ಒಪ್ಪಿಸಿದ್ದಾರೆ. ಸಿನಿಮಾದವನನ್ನು ಇವರು ಶಪಿಸುತ್ತಿರಬೇಕು ಎಂದುಕೊಂಡು ಹೋದರೆ, ಮುಖವಾಡದ ಚಿತ್ರದ ಧೂಳನ್ನು ಸೆರಗಿನಲ್ಲಿ ಒರೆಸುತ್ತ ನಿಂತಿದ್ದಾರೆ.

"ಮಗೂನ ಅಂಗಿ ಮೇಲೆ ಇವನದೇ ಚಿತ್ರ ಇತ್ತು, ನೀವು ನೋಡಲಿಲ್ವಾ? ಹಟ ಮಾಡಿ ಅವರಮ್ಮನ್ನ ಎಳ್ಕೊಂಡು ಬಂದೇ ಬರತ್ತೆ. ಅಜ್ಜಿ ಮೊಮ್ಮಗಳು ಒಂದೇ ಜಾತಿ ಹಟ. ಅವಳು ಮುಖ ಮುಚ್ಕೊಂಡೇ ಬರಲಿ ಬಿಡಿ. ತೋರಿಸಬೇಡ ಅಂದಿದ್ದು ಅವಳ ಮುಖ, ನನ್ನದಲ್ಲವಲ್ಲ. ಹಗಲು ಬೆಳಕಲ್ಲಿ ಮುಂದೆ ಹೋಗಿ ನಿಂತ್ಕೋತೀನಿ."

ಆಟ ತೆರೆಯುವುದು ಯಾವಾಗ ಎಂದು ಕೇಳುತ್ತೇನೆ. ಇನ್ನೂ ಎರಡು ವರ್ಷವಾದರೂ ಬೇಕಂತೆ. ದೆವ್ವಕ್ಕ ಪೊರಕೆ ಊರಿಕೊಂಡು ಬೇಲಿಯ ಸಂದಿನಲ್ಲಿ ಇಣುಕಿ ನೋಡುತ್ತಾರೆ.

"ಮಕ್ಕಳ ಹುಚ್ಚು ನಿಮಗೆ ಗೊತ್ತಲ್ಲ ಪೇಪರಣ್ಣ, ಇವತ್ತು ಇವನು, ನಾಳೆ ಇನ್ನೊಬ್ಬ. ಅಷ್ಟರೊಳಗೆ ಮಗೂಗೆ ಈ ಸಿನಿಮಾ ಬೇಜಾರಾಗದೇ ಇದ್ರೆ ಸಾಕು."